ಅರವತ್ತು ಪಟ್ಟು ಹತ್ತಿರ

ಬೀದಿಯವರಿಗೆ ಆಕೆ ಟೇಪಮ್ಮ. ಬೆಳಿಗ್ಗೆ ಎದ್ದು ಕೊರಳಿಗೆ ಹಾಕಿಕೊಂಡ ಅಳತೆಪಟ್ಟಿ ಮಲಗುವ ಹೊತ್ತಿಗಷ್ಟೇ ಕೆಳಗಿಳಿಯುತ್ತಿತ್ತು. ಗಂಡನ ಜೊತೆ ಸ್ಟುಡಿಯೋದಲ್ಲಿ ತೆಗೆಸಿಕೊಂಡ ಫೋಟೋದಲ್ಲೂ ಅದು ಸರದ ಹಾಗೆ ನೇತಾಡುತ್ತಿದೆ. ತೆಗೆಯಲು ಮರೆತದ್ದಲ್ಲ, ಅದಿಲ್ಲದಿದ್ದರೆ ಕೊರಳು ಬೋಳು ಬೋಳು ಎನಿಸುತ್ತದೆ ಎಂದು ಟೇಪಮ್ಮ ಇಂದಿಗೂ ವಾದಿಸುತ್ತಾರೆ.

ಗಂಡನೂ ಅಳತೆಯವರೇ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿಗಳನ್ನು ಪರೀಕ್ಷಿಸಿ ನಿವೃತ್ತರಾದವರು. ಬೀದಿಯಲ್ಲಿ ಅವರನ್ನು ಈಗಲೂ ಇನ್ಸ್‌ಪೆಕ್ಟರು ಎನ್ನುತ್ತಾರೆ. ಹೊಸದಾಗಿ ಬಂದವರು ಪೊಲೀಸಿನವರೆಂದು ತಿಳಿದು ಸ್ವಲ್ಪ ಹೆದರಿದರೆ ಅವರೇನೂ ತಿದ್ದಲು ಹೋಗುವುದಿಲ್ಲ.

ತೂಗಲು ಏನೂ ಇಲ್ಲದೆ ಒಂದೂವರೆ ವರ್ಷ ಚಡಪಡಿಸಿದ ಇನ್ಸ್‌ಪೆಕ್ಟರು ಒಂದು ದಿನ ಸೂಪರ್‌ಝೂಮ್ ಕ್ಯಾಮೆರಾ ತರಿಸಿಕೊಂಡರು. ದೂರದ್ದನ್ನು ಅರವತ್ತು ಪಟ್ಟು ಹತ್ತಿರಕ್ಕೆ ಎಳೆಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಬೇರೆಯವರಾಗಿದ್ದರೆ ಹೊರಗೆ ಓಡಿ ಹತ್ತು ಫೋಟೋ ತೆಗೆಯುತ್ತಿದ್ದರು. ಇವರು ಎರಡು ದಿನ ಕೂತು ಕೈಪಿಡಿ ಓದಿದರು, ಮುಖ್ಯ ಸಾಲುಗಳ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದರು. ಮೂರನೆಯ ದಿನ ಉದ್ದ ನೋಟ್‌ಬುಕ್ಕಿನಲ್ಲಿ ಸ್ಪಷ್ಟತೆ, ಬಣ್ಣ, ಅಂಚು, ಷರಾ ಎಂದು ನಾಲ್ಕು ಕಾಲಂ ಮಾಡಿ ಕಿಟಕಿಗೆ ಹೋಗಿ ನಿಂತರು.

ಮನೆ ಮತ್ತು ಹೊಲಿಗೆಯ ಕೋಣೆ ಎರಡೂ ಮಹಡಿಯ ಮೇಲೆ. ಕಿಟಕಿಯಿಂದ ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಕಾಣುತ್ತಿತ್ತು. ನೀರಿನ ಟ್ಯಾಂಕಿನ ಮೇಲೆ ಕೂತ ಕಾಗೆ, ಶಾಲೆಯ ಗಡಿಯಾರ, ಮೂರು ಬೀದಿಯಾಚೆಯ ಮಾಳಿಗೆಯಲ್ಲಿ ಒಣಹಾಕಿದ ಬಟ್ಟೆ ಒಂದೊಂದಾಗಿ ಕ್ಯಾಮೆರಾದೊಳಗೆ ಬಂದವು. ಇನ್ಸ್‌ಪೆಕ್ಟರು ಅವನ್ನೆಲ್ಲ ಟಿವಿಗೆ ಜೋಡಿಸಿ, ಹೆಂಡತಿಯನ್ನು ಮೆಷಿನ್ನಿನಿಂದ ಎಬ್ಬಿಸಿ, ಚಿತ್ರದ ಗುಣಮಟ್ಟ ಹೇಗಿದೆ ಎಂದು ಕೇಳಿದರು.

ಟೇಪಮ್ಮ ಕಾಗೆಯನ್ನು ನೋಡಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಒಣಹಾಕಿದ ಬಟ್ಟೆಗಳ ಮುಂದೆ ನಿಂತರು.

"ಈ ಅಂಗಿ ಕಾಟನ್ನೋ ಪಾಲಿಸ್ಟರೋ?"

ಇನ್ಸ್‌ಪೆಕ್ಟರು ತಮಗೆ ಗೊತ್ತಿಲ್ಲವೆಂದರು.

"ನನಗೂ ಗೊತ್ತಾಗ್ತಿಲ್ಲ. ಅಂದ್ಮೇಲೆ ಇದೆಂಥ ಕ್ಯಾಮೆರಾರೀ? ಬಟ್ಟೆ ಇದೆ, ನೂಲೇ ಇಲ್ಲ. ಗೋಡೆಗೆ ಸುಣ್ಣ ಬಳಿದ ಹಾಗಿದೆ."

ಬೆಳಕು ಕಡಿಮೆಯಾದಾಗ ಯಂತ್ರ ಸ್ವಲ್ಪ ನುಣುಪು ಮಾಡುವುದು ಸಹಜವೆಂದು ಇನ್ಸ್‌ಪೆಕ್ಟರು ಸಮಜಾಯಿಷಿ ಕೊಟ್ಟರು. ಆಮೇಲೆ ಷರಾ ಕಾಲಂನಲ್ಲಿ 'ಉತ್ತಮ ದರ್ಜೆ' ಎಂದು ಬರೆದು, ಹೆಂಡತಿಯ ಅಭಿಪ್ರಾಯ ದಾಖಲಾಗದಂತೆ ನೋಟ್‌ಬುಕ್ ಮುಚ್ಚಿದರು.

ಟೇಪಮ್ಮನಿಗೆ ಬಟ್ಟೆಯ ವಿಷಯದಲ್ಲಿ ಹಾಗೆ ಮಾತಾಡುವ ಹಕ್ಕಿತ್ತು. ಇಪ್ಪತ್ತನೆಯ ವಯಸ್ಸಿಗೇ ಸಿದ್ಧ ಉಡುಪಿನ ಕಾರ್ಖಾನೆ ಸೇರಿ ಎಂಟು ವರ್ಷ ಕಾಲರ್ ಒಂದನ್ನೇ ಹೊಲಿದವರು. ಬೇರೆಯವರು ತೋಳು, ಜೇಬು, ಬೆನ್ನು ಎಂದು ಜಾಗ ಬದಲಾಯಿಸಿಕೊಂಡರೂ ಇವರನ್ನು ಮೇಲ್ವಿಚಾರಕ ಕಾಲರಿನಿಂದ ಕದಲಿಸಲಿಲ್ಲ. ಕಾಲರ್ ಎದ್ದು ನಿಲ್ಲಬೇಕು, ಆದರೆ ಜಂಬ ಪಡಬಾರದು ಎನ್ನುವುದು ಟೇಪಮ್ಮನ ಮಾತು. ಸ್ವಂತ ಮೆಷಿನ್ ಹಾಕಿಕೊಂಡ ಮೇಲೂ ಜನ ಹುಡುಕಿಕೊಂಡು ಬರುತ್ತಿದ್ದುದು ಅವರ ಕಾಲರಿಗಾಗಿ. ಶಾಲೆಯ ಹೆಡ್ ಮೇಡಂ ಅಂತೂ ವರ್ಷಕ್ಕೊಂದರಂತೆ ಹದಿನಾರು ಕೋಟು ಹೊಲಿಸಿದ್ದರು.

ಹದಿನೇಳನೆಯದು ಬರಲಿಲ್ಲ. ಕುಪ್ಪಸ ಸರಿಮಾಡಿಸಲು ಬಂದ ಒಬ್ಬಾಕೆ, ಹೆಡ್ ಮೇಡಂ ಪುಟ್ಟಿಯ ಅಂಗಡಿಯಲ್ಲಿ ಅಳತೆ ಕೊಡುತ್ತಿದ್ದುದನ್ನು ಕಂಡೆನೆಂದು ಮಾತಿಗೆ ಮಾತು ಬಂದು ಹೇಳಿಬಿಟ್ಟಳು. ಟೇಪಮ್ಮ, ಒಳ್ಳೆಯದಾಯಿತು, ಅವಳೂ ನಮ್ಮ ಹುಡುಗಿಯೇ ಅಲ್ಲವೇ ಎಂದು ನಕ್ಕರು. ಆಮೇಲೆ ಆ ಕುಪ್ಪಸದ ಕೊಕ್ಕೆಗಳನ್ನು ತಿರುಗುಮುರುಗಾಗಿ ಹೊಲಿದರು.

ಪುಟ್ಟಿ ಅವರ ಶಿಷ್ಯೆ. ಹದಿನಾರರಲ್ಲಿ ಬಂದವಳು ಹದಿನಾಲ್ಕು ವರ್ಷ ಪಕ್ಕದ ಮೆಷಿನ್ ತುಳಿದು, ನಾಲ್ಕು ವರ್ಷದ ಹಿಂದೆ ಬೀದಿಯ ಆ ತುದಿಯಲ್ಲಿ ಗಾಜಿನ ಕಿಟಕಿಯ ಅಂಗಡಿ ತೆರೆದಿದ್ದಳು. ಜಗಳವೇನೂ ಆಗಿರಲಿಲ್ಲ. ಹೋಗುತ್ತೇನೆಂದು ಅವಳು ಹೇಳಿದಾಗ ಟೇಪಮ್ಮ "ಸಂತೋಷ" ಎಂದಿದ್ದರು. ಅದನ್ನು ಹೇಳಿದ ದನಿ ಎಂಥದಿತ್ತೆಂದರೆ ಅಂದಿನಿಂದ ಇಬ್ಬರಿಗೂ ಮಾತು ಮುಂದುವರಿಸಲು ಜಾಗವೇ ಸಿಗಲಿಲ್ಲ. ಅವಳ ಅಂಗಡಿಯ ಮುಂದೆ ಹಾಯುವುದು ಬೇಡವೆಂದು ಟೇಪಮ್ಮ ದಾರದುಂಡೆ ತರಲು ಹಿಂದಿನ ಬೀದಿ ಸುತ್ತಿಕೊಂಡು ಹೋಗುತ್ತಿದ್ದರು. ವೈದ್ಯರು ನಡೆಯಲು ಹೇಳಿದ್ದಾರೆ ಎನ್ನುವುದು ನೆಪ. ಯಾವ ವೈದ್ಯರೂ ಹೇಳಿರಲಿಲ್ಲ.

ಈಗ ಹೊಸದೊಂದು ಹುಳು ತಲೆಯೊಳಗೆ ಹೊಕ್ಕಿತ್ತು. ವಯಸ್ಸು ಐವತ್ತೆಂಟಾಯಿತು, ಕೈ ಹಳೆಯದಾಗಿಬಿಟ್ಟಿತೇ? ಹದಿನಾರನೆಯ ಕೋಟಿನಲ್ಲಿ ತನಗೆ ಕಾಣದ ಊನವೇನಾದರೂ ಮೇಡಂಗೆ ಕಂಡಿತೇ? ಟೇಪಮ್ಮ ಇದನ್ನು ಗಂಡನಿಗೂ ಹೇಳಲಿಲ್ಲ. ಮಾಡಿದ ಹೊಲಿಗೆಯನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು, ಸೂಜಿಗೆ ದಾರ ಪೋಣಿಸುವಾಗ ಬೆರಳನ್ನು ಅನ್ಯರ ಬೆರಳೆಂಬಂತೆ ನೋಡುತ್ತಿದ್ದರು.

ಕೊನೆಗೆ ಒಂದು ಬೆಳಿಗ್ಗೆ, ನಿಮ್ಮ ಕ್ಯಾಮೆರಾ ಬೀದಿಯ ತುದಿಯವರೆಗೆ ಮುಟ್ಟುತ್ತದೋ ಇಲ್ಲವೋ ಎಂದು ಗಂಡನನ್ನು ಸುಮ್ಮನೆ ಕೆಣಕಿದರು. ಮುಟ್ಟುವುದೇನು, ಒಳಗೆ ಹೋಗಿ ಕೂತು ಬರುತ್ತದೆ ಎಂದು ಇನ್ಸ್‌ಪೆಕ್ಟರು ತೋಳು ಮಡಚಿದರು. ಏನನ್ನು ತೆಗೆಯಲಿ ಎಂದಾಗ, ಏನಾದರೂ ತೆಗೆಯಿರಿ, ಆ ಗಾಜಿನೊಳಗೆ ಬೊಂಬೆಗೆ ಹಾಕಿದ ಬೂದು ಕೋಟಿದೆಯಲ್ಲ, ಅದನ್ನೇ ತೆಗೆಯಿರಿ ಎಂದು ಟೇಪಮ್ಮ ಬೇರೆಲ್ಲೋ ನೋಡುತ್ತಾ ಹೇಳಿದರು.

ಟಿವಿಯಲ್ಲಿ ಚಿತ್ರ ಮೂಡಿದಾಗ ಆಕೆ ಅದರ ಹತ್ತಿರಕ್ಕೆ ಸರಿದು ನಿಂತರು. ಬೂದು ಬಟ್ಟೆಯ ಮೇಲೆ ಅಲೆಗಳಿದ್ದವು. ಕೊಳಕ್ಕೆ ಕಲ್ಲು ಬಿದ್ದಾಗ ಏಳುವಂಥ ಬಳುಕುವ ಅಲೆಗಳು, ಒಂದು ಕಡೆ ತಿಳಿ ನೇರಳೆ, ಇನ್ನೊಂದು ಕಡೆ ತಿಳಿ ಹಸಿರು, ಭುಜದಿಂದ ಇಳಿದು ಜೇಬಿನ ಬಳಿ ತಿರುಗಿ ಹೋಗಿದ್ದವು. ಇಂಥದ್ದನ್ನು ಅವರು ಕಂಡಿರಲಿಲ್ಲ. ಇದು ಪುಟ್ಟಿಯ ಕೈಯೇ? ಮೇಡಂ ಹೋದದ್ದು ಇದಕ್ಕೇ ಎಂದು ಟೇಪಮ್ಮ ಆ ಕ್ಷಣವೇ ತೀರ್ಮಾನಿಸಿದರು.

ಮಧ್ಯಾಹ್ನ ಕ್ಯಾಮೆರಾವನ್ನೇ ಚೀಲಕ್ಕೆ ಹಾಕಿಕೊಂಡು ಅಂಥ ಬಟ್ಟೆ ಹುಡುಕಲು ಅಂಗಡಿಗಳಿಗೆ ಹೋದರು. ಎರಡು ಅಂಗಡಿಯಲ್ಲಿ ತಲೆಯಾಡಿಸಿ ಕಳಿಸಿದರು. ಮೂರನೆಯ ಅಂಗಡಿಯವನು ಕನ್ನಡಕ ಏರಿಸಿ ನೋಡಿ, "ಅಕ್ಕಾ, ಇದು ಬಟ್ಟೇನೋ, ನೀರಿನ ಮೇಲೆ ಚೆಲ್ಲಿದ ಎಣ್ಣೇನೋ?" ಎಂದು ಕೇಳಿದ. ಅಂದರೆ ನೇಯ್ಗೆಯಲ್ಲಿ ಬಂದದ್ದಲ್ಲ, ಪುಟ್ಟಿ ರೇಷ್ಮೆ ದಾರವನ್ನು ಒಳಗಿನಿಂದ ಓಡಿಸಿದ್ದಾಳೆ ಎಂದುಕೊಂಡರು. ಮನೆಗೆ ಬಂದು ಟೇಪಮ್ಮ ಬೂದು ತುಂಡೊಂದನ್ನು ತೆಗೆದುಕೊಂಡು ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಲೆ ಹೊಲಿದರು. ಬಂದದ್ದು ಬಸವನಹುಳು ಹರಿದಾಡಿದ ಜಾಡು. ಹೇಗಿದೆ ಎಂದು ಗಂಡನನ್ನು ಕೇಳಿದಾಗ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಆ ಮನುಷ್ಯ, ರಸ್ತೆಯ ನಕಾಶೆಯಾದರೆ ಚೆನ್ನಾಗಿದೆ ಎಂದರು. ಅಂದು ಟೇಪಮ್ಮ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಇನ್ನೊಂದು ಫೋಟೋ ಬೇಕೆಂದರು. ಇನ್ಸ್‌ಪೆಕ್ಟರು ಝೂಮನ್ನು ಅರ್ಧಕ್ಕೆ ನಿಲ್ಲಿಸಿ ಒಂದು ತೆಗೆದರು. ಅಲೆಗಳೇ ಇಲ್ಲ, ಕೋಟು ಬರೀ ಬೂದು. ಪೂರ್ತಿ ಎಳೆದು ಮತ್ತೊಂದು ತೆಗೆದರು. ಅಲೆಗಳಿವೆ, ಆದರೆ ಮೊದಲ ಸಲ ಎಡಕ್ಕೆ ಬಾಗಿದವು ಇಂದು ಬಲಕ್ಕೆ ಬಾಗಿವೆ. ಇನ್ಸ್‌ಪೆಕ್ಟರ ಮುಖ ಬಾಡಿತು. ಒಂದೇ ಸಾಮಾನಿಗೆ ಮೂರು ತೂಕ ತೋರಿಸುವ ತಕ್ಕಡಿಯನ್ನು ಅವರು ಸೇವೆಯಲ್ಲಿದ್ದಾಗ ಸ್ಥಳದಲ್ಲೇ ಜಪ್ತಿ ಮಾಡುತ್ತಿದ್ದರು. ಮತ್ತೆ ಕೈಪಿಡಿ ಹಿಡಿದು ಕೂತವರಿಗೆ ಕೊನೆಯ ಪುಟಗಳಲ್ಲಿ, ತಾವು ಗೆರೆ ಎಳೆಯದೆ ಬಿಟ್ಟಿದ್ದ ಒಂದು ಸಾಲು ಸಿಕ್ಕಿತು. ಬಟ್ಟೆಯ ಸಣ್ಣ ಗೀರುಗಳೂ ಕ್ಯಾಮೆರಾದೊಳಗಿನ ಸಣ್ಣ ಚೌಕಗಳ ಸಾಲೂ ಒಂದರ ಮೇಲೊಂದು ಬಿದ್ದಾಗ, ಎರಡರಲ್ಲೂ ಇಲ್ಲದ ಅಲೆಗಳು ಚಿತ್ರದಲ್ಲಿ ಮೂಡಬಹುದಂತೆ.

'ಉತ್ತಮ ದರ್ಜೆ' ಎಂದು ತಾವೇ ಬರೆದ ಮೇಲೆ ಇದನ್ನು ಹೆಂಡತಿಗೆ ಓದಿ ಹೇಳುವುದು ಅವರಿಗೆ ಸುಲಭವಾಗಿರಲಿಲ್ಲ. ಆದರೂ ಓದಿದರು. ಟೇಪಮ್ಮ ನಂಬಲಿಲ್ಲ. ತನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾರೆ ಎಂದುಕೊಂಡರು.

"ಇಲ್ಲದ್ದನ್ನ ಇದೆ ಅನ್ನೋಕೆ ಅದೇನು ಮನುಷ್ಯರೇ? ಯಂತ್ರ ಕಣ್ರೀ ಅದು," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಹಿಂದಿನ ಬೀದಿಯ ಕಡೆಗಲ್ಲ.

ಪುಟ್ಟಿಯ ಅಂಗಡಿಯೊಳಗೆ ಕಾಲಿಟ್ಟಾಗ ಅವಳು ಬಾಯ್ತುಂಬ ಗುಂಡುಪಿನ್ನು ಕಚ್ಚಿಕೊಂಡು ಒಂದು ಲಂಗದ ಅಂಚು ಮಡಿಸುತ್ತಿದ್ದಳು. ಗುರುವನ್ನು ಕಂಡು ತಟ್ಟನೆ ಎದ್ದಳು. ಏನೋ ಹೇಳಬೇಕು, ಬಾಯಿ ತೆರೆಯುವಂತಿಲ್ಲ. ಒಂದೊಂದೇ ಪಿನ್ನು ತೆಗೆದು ಮಣಿಕಟ್ಟಿನ ಮೆತ್ತೆಗೆ ಚುಚ್ಚತೊಡಗಿದಳು. ನಾಲ್ಕು ವರ್ಷ ಕಾದ ಮೊದಲ ಮಾತು ಏಳು ಪಿನ್ನುಗಳಷ್ಟು ಹೊತ್ತು ಇನ್ನೂ ಕಾಯಬೇಕಾಯಿತು. ಅಷ್ಟರಲ್ಲಿ ಟೇಪಮ್ಮ ಬೊಂಬೆಯ ಹತ್ತಿರ ಹೋಗಿ ಕೋಟಿನ ಅಂಚು ಹಿಡಿದು ಉಜ್ಜಿ ನೋಡಿದರು, ಒಳಮೈ ತಿರುವಿ ನೋಡಿದರು. ಕೂದಲೆಳೆಯಂಥ ಗೀರಿನ ಸಾಧಾರಣ ಬೂದು ಬಟ್ಟೆ. ಅಲೆಯಿಲ್ಲ, ರೇಷ್ಮೆಯಿಲ್ಲ, ನೇರಳೆಯೂ ಇಲ್ಲ.

ಮೂರು ದಿನದ ಬಸವನಹುಳು ನೆನಪಾಗಿ ಅವರಿಗೆ ನಗು ಬಂತು. ಆದರೆ ನಗಲಿಲ್ಲ. ಕಣ್ಣು ಕಾಲರಿನ ಮೇಲೆ ನಿಂತಿತ್ತು. ಎಡತುದಿ ತುದಿಗಾಲಿನ ಮೇಲೆ ನಿಂತ ಮಗುವಿನ ಹಾಗೆ ಮೇಲಕ್ಕೆ ಚಿಮ್ಮಿತ್ತು.

"ಮೇಡಂ ಕೋಟು ಇದು, ಮೂರು ಸಲ ಬಿಚ್ಚಿದೀನಿ ಅಕ್ಕಾ," ಎಂದಳು ಪುಟ್ಟಿ, ಕೊನೆಯ ಪಿನ್ನು ತೆಗೆದು. "ಕೂರೋದೇ ಇಲ್ಲ. ಕಾಲರ್ ಮಾತ್ರ ನೀವು ಹೊಲಿದ ಹಾಗೇ ಇರಲಿ ಅಂತ ಬಂದಾಗೆಲ್ಲ ಹೇಳ್ತಾರೆ."

ಅಷ್ಟು ಇಷ್ಟವಿದ್ದರೆ ಇಲ್ಲಿಗೇಕೆ ಬಂದರು ಎಂದು ಟೇಪಮ್ಮ ಕೇಳಿದರು. ಕೇಳುತ್ತಾ ಕೋಟಿನ ಮೇಲೆ ಇಲ್ಲದ ಧೂಳನ್ನು ಕೊಡವಿದರು.

"ನಿಮ್ಮ ಮೆಟ್ಟಿಲು. ಮೇಡಂಗೆ ಮಂಡಿ ಹಿಡ್ಕೊಂಡಿದೆ, ಅಷ್ಟು ಹತ್ತೋಕಾಗಲ್ಲ. ನಿಮಗೆ ಹೇಳೋಕೆ ಸಂಕೋಚ ಅವರಿಗೆ."

ಟೇಪಮ್ಮ ಸ್ಟೂಲಿನ ಮೇಲೆ ಕೂತರು. ಮೆಟ್ಟಿಲು! ಊನ ಹುಡುಕುತ್ತಾ ಆಕೆ ಬಟ್ಟೆಯ ನೂಲು ನೂಲನ್ನೂ ನೋಡಿದ್ದರು. ದಿನಕ್ಕೆ ಹತ್ತು ಸಲ ತಾನೇ ತುಳಿಯುವುದನ್ನು ನೋಡಿರಲಿಲ್ಲ.

ಆಮೇಲೆ ಕೋಟನ್ನು ಬೊಂಬೆಯಿಂದ ಇಳಿಸಿ ಮಡಿಲಿಗೆ ಹಾಕಿಕೊಂಡು ಕಾಲರಿನ ಹೊಲಿಗೆ ಬಿಚ್ಚತೊಡಗಿದರು. ಮೇಲಿನ ಪದರ, ಕೆಳಗಿನ ಪದರ ಎರಡನ್ನೂ ಪುಟ್ಟಿ ಒಂದೇ ಅಳತೆಗೆ ಕತ್ತರಿಸಿದ್ದಳು. ಕೆಳಗಿನದು ಒಂದೆರಡು ನೂಲಿನಷ್ಟು ಚಿಕ್ಕದಿದ್ದರೆ ಮೇಲಿನದು ಅದರ ಮೇಲೆ ಬಗ್ಗಿ ಕೂರುತ್ತದೆ. ಎರಡೂ ಸಮವಾದರೆ ಎರಡೂ ಹಟ ಮಾಡುತ್ತವೆ. ಹದಿನಾಲ್ಕು ವರ್ಷ ಕಲಿತವಳಿಗೆ ಇಷ್ಟೂ ತಿಳಿಯದೇ?

"ಎರಡನ್ನೂ ಒಂದೇ ಸಮ ಕತ್ತರಿಸೋಕೆ ಯಾರು ಹೇಳಿಕೊಟ್ಟಿದ್ದು ನಿನಗೆ?"

ಪುಟ್ಟಿ ತಲೆ ತಗ್ಗಿಸಿ ನೂಲಿನ ಚೂರುಗಳನ್ನು ಆರಿಸುತ್ತಿದ್ದಳು. "ಯಾರೂ ಹೇಳಿಕೊಡಲಿಲ್ಲ. ಅಡಿಯ ಕಾಲರ್ ನೀವು ಯಾವಾಗಲೂ ನಾನು ಊಟಕ್ಕೆ ಹೋದಾಗ ಕತ್ತರಿಸ್ತಿದ್ರಿ ಅಕ್ಕಾ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಟೇಪಮ್ಮನಿಗೆ ಕಿವಿ ಬಿಸಿಯಾಯಿತು. ನಿಜ, ದಿನವೂ ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದ ಮೇಲೆಯೇ ಕತ್ತರಿ ಎತ್ತುತ್ತಿದ್ದರು. ಕಾಜ, ತೋಳು, ಪಟ್ಟಿ ಎಲ್ಲವನ್ನೂ ಧಾರಾಳವಾಗಿ ಕಲಿಸಿ ಇದೊಂದನ್ನು ಕೈಯೊಳಗೇ ಇಟ್ಟುಕೊಂಡಿದ್ದರು. ತಾನು ಹಾಗೆ ಮಾಡಿದ್ದೇನೆಂದು ತನಗೇ ಹೇಳಿಕೊಂಡಿರಲಿಲ್ಲ, ಅಷ್ಟೆ.

"ಸೀಮೆಸುಣ್ಣ ಕೊಡು. ಹತ್ತಿರ ಬಾ," ಎಂದರು. "ಒಂದೇ ಸಲ ತೋರಿಸೋದು."

ನಾಲ್ಕು ಸಲ ತೋರಿಸಿದರು.

ಮನೆಗೆ ಬಂದಾಗ ಇನ್ಸ್‌ಪೆಕ್ಟರು ಕಿಟಕಿಯಲ್ಲೇ ಇದ್ದರು. ಇಷ್ಟು ಹೊತ್ತೂ ಕ್ಯಾಮೆರಾ ಹಿಡಿದು ನೋಡುತ್ತಿದ್ದರೆಂದು ತಿಳಿದು ಟೇಪಮ್ಮ ಸಿಟ್ಟಾದರು. ಕಂಡವರ ಅಂಗಡಿಯೊಳಗೆ ಇಣುಕಲು ನಾಚಿಕೆಯಾಗುವುದಿಲ್ಲವೇ ಎಂದರು. ಮೊನ್ನೆ ಇಣುಕಿಸಿದ್ದು ಯಾರು ಎಂಬ ಪ್ರಶ್ನೆಯನ್ನು ಇನ್ಸ್‌ಪೆಕ್ಟರು ನುಂಗಿಕೊಂಡು ಟಿವಿ ಹಚ್ಚಿದರು.

ಹದಿನಾಲ್ಕು ಚಿತ್ರಗಳಿದ್ದವು. ಬಿಸಿಲು ಗಾಜಿನೊಳಗೆ ಬಿದ್ದಿದ್ದರಿಂದ ಸೀಮೆಸುಣ್ಣದ ಗೆರೆ, ಮೆತ್ತೆಯ ಪಿನ್ನು, ಬಾಯಿ ಅರೆ ತೆರೆದು ನೋಡುತ್ತಿರುವ ಪುಟ್ಟಿಯ ಮುಖ ಎಲ್ಲ ಕೆತ್ತಿದ ಹಾಗೆ ಬಂದಿದ್ದವು. ಆದರೆ ಪ್ರತಿಯೊಂದು ಚಿತ್ರದಲ್ಲೂ ಟೇಪಮ್ಮನ ಬಲಗೈ ಇರಬೇಕಾದ ಕಡೆ ಒಂದು ಮಸುಕು ಮಾತ್ರ ಇತ್ತು.

ನೋಡಿ, ಇಲ್ಲೂ ಕೆಟ್ಟುಹೋಗಿದೆ, ಅಷ್ಟು ದೊಡ್ಡ ಕೈ ಇದಕ್ಕೆ ಕಾಣಲಿಲ್ಲವಲ್ಲ ಎಂದು ಟೇಪಮ್ಮ ಮೂಗು ಮುರಿದರು.

ಇನ್ಸ್‌ಪೆಕ್ಟರು ನೋಟ್‌ಬುಕ್ ತೆರೆದು ಪೆನ್ನು ಹಿಡಿದಿದ್ದರು. ಎಷ್ಟು ಕಡಿಮೆ ಹೊತ್ತಿನಲ್ಲಿ ಒಂದೊಂದು ಚಿತ್ರ ತೆಗೆದದ್ದು ಎಂಬುದನ್ನು ಎರಡೆರಡು ಸಲ ಓದಿಕೊಂಡು, ಪಕ್ಷಪಾತವಿಲ್ಲದ ಸರ್ಕಾರಿ ದನಿಯಲ್ಲಿ ಹೇಳಿದರು:

"ಕ್ಯಾಮೆರಾ ಸರಿಯಾಗೇ ಇದೆ. ನಿನ್ನ ಕೈಯ ವೇಗ ಇದಕ್ಕೆ ಸಿಕ್ಕಿಲ್ಲ. ಹದಿನಾಲ್ಕು ಸಲ ಪ್ರಯತ್ನ ಮಾಡಿದೆ."

ಮೊದಲನೆಯದರಿಂದ ಮತ್ತೆ ತೋರಿಸಿ ಎಂದು ಟೇಪಮ್ಮ ಕುರ್ಚಿ ಎಳೆದುಕೊಂಡು ಕೂತರು. ಹದಿನಾಲ್ಕನ್ನೂ ಒಂದೊಂದಾಗಿ ನೋಡಿದ ಮೇಲೆ, ಇದರಲ್ಲಿ ನೂಲು ಪರವಾಗಿಲ್ಲ, ಚೆನ್ನಾಗಿ ಬಂದಿದೆ ಎಂದು ಒಪ್ಪಿಕೊಂಡರು. ಇನ್ಸ್‌ಪೆಕ್ಟರು ಈ ಅಭಿಪ್ರಾಯವನ್ನು ಮಾತ್ರ ಆಗಿಂದಾಗಲೇ, ತಾರೀಖಿನ ಸಮೇತ, ಷರಾ ಕಾಲಂನಲ್ಲಿ ಬರೆದುಕೊಂಡರು.