ಸ್ಪ್ರಿಂಗ್ ವ್ಯಾಲಿಯ ಅಜ್ಜಿ ಹೇಳಿದ ಮಾತು

ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ. ಆ ಶನಿವಾರ ನಾನು ಮನೆಗೆ ಮಾಡಿದ ಮೊದಲ ಕರೆಯ ಸ್ಕ್ರೀನ್‌ಶಾಟ್ ಇನ್ನೂ ನನ್ನ ಫೋನಿನಲ್ಲಿದೆ, ಅದಕ್ಕೇ ಹೊತ್ತನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ. ಉಳಿದದ್ದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನೇ ನಂಬುವವಳಲ್ಲ. ರಸಾಯನಶಾಸ್ತ್ರ ಓದಿ, ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ನನ್ನ ಮದುವೆಗೆ ಜಾತಕ ನೋಡಿದಾಗಲೂ ನಕ್ಕಿದ್ದೆ.

ಕೆಲವು ವರ್ಷಗಳ ಹಿಂದಿನ ಜುಲೈ. ಇಲ್ಲಿ ಜುಲೈ ಎಂದರೆ ಚಳಿಗಾಲ, ಸೂರ್ಯನೇ ಕಾಣದ ತಿಂಗಳು. ಗಂಡ ಕೆಲಸದ ಮೇಲೆ ಮೊಂಬಾಸಾಕ್ಕೆ ಹೋಗಿದ್ದರು. ಐದು ವರ್ಷದ ಮಗಳು ಇಳಾಗೆ ಸ್ವಲ್ಪ ಮೈ ಬೆಚ್ಚಗಿತ್ತು. ಮನೆಯಲ್ಲೇ ಇದ್ದು ಅವಳನ್ನು ನೋಡಿಕೊಳ್ಳುವ ವಾಂಜಿರುಗೆ ಔಷಧಿ ಕೊಡುವ ಹೊತ್ತು ಹೇಳಿ, ಗೆಳತಿಯರಾದ ಸಂಧ್ಯಾ ಮತ್ತು ಪೂರ್ಣಿಮಾ ಜೊತೆ ಹೊರಟೆ. ಪೂರ್ಣಿಮಾಳ ಗಂಡನ ವರ್ಕ್ ಪರ್ಮಿಟ್ ನವೀಕರಣವಾಗುತ್ತದೋ ಇಲ್ಲವೋ ಎಂಬ ಚಿಂತೆ. ಸ್ಪ್ರಿಂಗ್ ವ್ಯಾಲಿಯಲ್ಲಿ ಮಗನ ಮನೆಗೆ ಬಂದಿರುವ ವಿಯೆಟ್ನಾಮಿನ ಅಜ್ಜಿಯೊಬ್ಬರು ವೀಳ್ಯದೆಲೆ ನೋಡಿ ಭವಿಷ್ಯ ಹೇಳುತ್ತಾರಂತೆ ಎಂದು ಸಂಧ್ಯಾ ತನ್ನ ಆಫೀಸಿನಲ್ಲಿ ಕೇಳಿಕೊಂಡು ಬಂದಿದ್ದಳು.

"ಊರಲ್ಲಿ ಶಾಸ್ತ್ರ ಅಂದ್ರೆ ಓಡ್ತಿದ್ದೋಳು, ಇಲ್ಲಿ ವಿಯೆಟ್ನಾಂ ಬೇಕಾ ನಿಂಗೆ?" ಎಂದೆ.

"ಸುಮ್ನೆ ಬಾರೇ, ಟೈಮ್‌ಪಾಸು. ನಿಂಗೆ ಪ್ರಮೋಷನ್ ಯಾವಾಗ ಅಂತ ಕೇಳೋಣ," ಎಂದಳು ಸಂಧ್ಯಾ. ದಾರಿಯಲ್ಲಿ ಹೈರಿಡ್ಜ್‌ನ ಪಾನ್ ಅಂಗಡಿಯಲ್ಲಿ ಎಲೆ, ಅಡಿಕೆ ಕೊಂಡೆವು.

ಅಜ್ಜಿ ತೀರಾ ಸಣ್ಣ ಆಳು, ಉಣ್ಣೆಯ ಟೋಪಿ ಹಾಕಿದ್ದರು. ಮುರುಕು ಇಂಗ್ಲಿಷಿನಲ್ಲಿ ಮಾತಾಡಿಸಿ ಕೂರಿಸಿ, ಒಬ್ಬೊಬ್ಬರ ಕೈಗೂ ಒಂದೊಂದು ಎಲೆ ಕೊಟ್ಟು, ಗೋಡೆಯ ಕಡೆ ತಿರುಗಿ ಊದುಬತ್ತಿ ಹಚ್ಚಿದರು. ಅಷ್ಟರಲ್ಲಿ ನಮ್ಮ ಕೈಗಳು ತಮ್ಮ ಕೆಲಸ ಮಾಡಿಬಿಟ್ಟಿದ್ದವು. ಎಲೆ ಕೈಗೆ ಬಂದರೆ ತೊಟ್ಟು ಮುರಿದು, ತುದಿ ಚಿವುಟಿ, ಬಟ್ಟೆಗೆ ಒರೆಸುವುದು ನಮಗೆ ಚಿಕ್ಕಂದಿನ ಅಭ್ಯಾಸ. ತಿರುಗಿ ನೋಡಿದ ಅಜ್ಜಿಯ ಮುಖ ಸಪ್ಪಗಾಯಿತು. ತೊಟ್ಟು ಹುಟ್ಟಿದ ಕಡೆ, ತುದಿ ಹೋಗುವ ಕಡೆ. ಎರಡೂ ಇಲ್ಲದ ಎಲೆಯಲ್ಲಿ ಓದುವುದಕ್ಕೆ ಏನೂ ಇಲ್ಲ ಎಂದರು.

"ಸಾರಿ ಆಂಟಿ, ನಮ್ಮಲ್ಲಿ ಹೀಗೇ," ಎಂದು ಸಂಧ್ಯಾ ನಗು ತಡೆಯಲಾರದೆ ನನ್ನ ತೊಡೆ ಚಿವುಟಿದಳು. ನಾವು ಏಳುತ್ತಿದ್ದೆವು. ಆಗ ಅಜ್ಜಿ ನನ್ನ ಮಣಿಕಟ್ಟು ಹಿಡಿದರು. ಕಣ್ಣು ನನ್ನ ಮೇಲಿರಲಿಲ್ಲ.

"ಮ್ವಾಮ್ಷೆ ಮ್ತೋತೋ. ಸಾಸಾ," ಎಂದರು. ಸ್ವಾಹಿಲಿ. ಮಗುವನ್ನು ಎಬ್ಬಿಸು, ಈಗಲೇ. ನನಗೆ ಮಗುವಿದೆ ಎಂದು ಅಲ್ಲಿ ಯಾರೂ ಹೇಳಿರಲಿಲ್ಲ.

ವಾಂಜಿರು ಫೋನ್ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. "ಮಲಗಿರ್ತಾರೆ ಕಣೇ, ಫೋನ್ ಸೈಲೆಂಟಲ್ಲಿರತ್ತೆ. ಆ ಅಜ್ಜಿ ಎಲ್ಲಾ ತಾಯಂದಿರಿಗೂ ಹೀಗೇ ಹೇಳತ್ತೆ," ಎಂದಳು ಪೂರ್ಣಿಮಾ. ಅದೇ ನಿಜವಿರಬಹುದು ಅಂದುಕೊಂಡರೂ ನನ್ನ ಕಾಲು ನಿಲ್ಲಲಿಲ್ಲ. ಕಾರಿನಿಂದ ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರನಿಗೆ ಕರೆ ಮಾಡಿ, ಬಾಗಿಲು ತಟ್ಟಲು ಹೇಳಿದೆ. ಅವನು ಹೋಗಿ ಬಂದು, ಯಾರೂ ಬಾಗಿಲು ತೆಗೆಯಲಿಲ್ಲ, "ವಾಮೆಲಾಲಾ, ಮದಾಮ್," ಎಂದ. ನಿದ್ದೆ ಮಾಡ್ತಿದಾರೆ, ಮೇಡಂ.

ಆ ಮಾತು ಕೇಳಿದ ಮೇಲೆ ಸಂಧ್ಯಾ ಕಾರಿನ ವೇಗ ಹೆಚ್ಚಿಸಿದಳು. ವೆಸ್ಟ್‌ಲ್ಯಾಂಡ್ಸ್ ಜಾಮಿನಲ್ಲಿ ಪ್ರಯಾಣಿಕರ ಮಟಾಟು ವ್ಯಾನ್ ಒಂದರ ಹಿಂದೆ ಸಿಕ್ಕಿಕೊಂಡಾಗ ಬರೀ ಹಾರ್ನ್ ಒತ್ತುತ್ತಲೇ ಇದ್ದಳು.

ನನ್ನ ಕೀಲಿಯಿಂದ ಬಾಗಿಲು ತೆರೆದಾಗ ಕರೆಂಟ್ ಇರಲಿಲ್ಲ. ಮಲಗುವ ಕೋಣೆಯ ಬಾಗಿಲು, ಕಿಟಕಿ ಎಲ್ಲ ಮುಚ್ಚಿತ್ತು. ಮಂಚದ ಪಕ್ಕ ಇದ್ದಿಲಿನ ಒಲೆ ಕೆಂಪಗಿತ್ತು. ಇಳಾ ಚಳಿಗೆ ನಡುಗುತ್ತಿದ್ದಾಳೆಂದು ವಾಂಜಿರು ಒಳಗೆ ತಂದಿಟ್ಟಿದ್ದಳು. ಮಗುವನ್ನು ತಬ್ಬಿಕೊಂಡು ಅವಳೂ ಮಲಗಿದ್ದಳು. ನಾನು ಕೂಗಿದೆ, ಇಬ್ಬರೂ ಅಲುಗಲಿಲ್ಲ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲವೆಂದು ಕಾಲೇಜಿನಲ್ಲಿ ಓದಿದ್ದೆ. ನಾನು ಇಳಾಳನ್ನು ಎತ್ತಿಕೊಂಡು ಬಾಲ್ಕನಿಗೆ ಓಡಿದೆ. ಗೆಳತಿಯರು ವಾಂಜಿರುವನ್ನು ಕೈಕಾಲು ಹಿಡಿದು ಎಳೆದು ತಂದರು. ಮಗಳು ವಾಂತಿ ಮಾಡಿ ಅಳುವವರೆಗೆ ನಾನು ಏನು ಕೂಗಿದೆನೋ ನನಗೆ ನೆನಪಿಲ್ಲ.

ಇಬ್ಬರೂ ಉಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಆಸ್ಪತ್ರೆಯಲ್ಲಿ. ಆಮ್ಲಜನಕದ ಮುಖವಾಡ ತೆಗೆದ ಮೇಲೆ ವಾಂಜಿರು ನನ್ನ ಕೈ ಹಿಡಿದು ಅತ್ತಳು. ತನಗೆ ಅಪಾಯ ಗೊತ್ತಾಗಿತ್ತು, ಮಗುವನ್ನು ಎಬ್ಬಿಸಿ ಎಂದು ಯಾರನ್ನಾದರೂ ಕೂಗಬೇಕೆನಿಸಿತ್ತು, ಕೈಕಾಲು ಏಳಲಿಲ್ಲ, ಬಾಯಿಂದ ದನಿ ಹೊರಡಲಿಲ್ಲ ಎಂದಳು.

ಒಂದು ವಾರದ ನಂತರ ಹಣ್ಣು ತೆಗೆದುಕೊಂಡು ಸ್ಪ್ರಿಂಗ್ ವ್ಯಾಲಿಗೆ ಹೋದೆವು. ಅಜ್ಜಿ ನಮ್ಮನ್ನು ಎಲೆ ಹರಿದವರೆಂದಷ್ಟೇ ಗುರುತಿಸಿದರು. ತಾನು ಅಂದು ಏನನ್ನೂ ಓದಲಿಲ್ಲ, ಏನನ್ನೂ ಹೇಳಲಿಲ್ಲ ಎಂದರು. ಸ್ವಾಹಿಲಿಯಲ್ಲಿ ಹೇಳಿದಿರಲ್ಲ ಎಂದಾಗ ಅವರ ಮಗ ನಕ್ಕ. ಅಮ್ಮ ಈ ದೇಶಕ್ಕೆ ಬಂದು ಎರಡು ತಿಂಗಳೂ ಆಗಿಲ್ಲ. ಬರುವುದು ಧನ್ಯವಾದ ಹೇಳುವ "ಅಸಾಂಟೆ" ಒಂದೇ, ಅದನ್ನೂ ತಪ್ಪಾಗಿ ಹೇಳುತ್ತಾರೆ ಎಂದ. ನಾವು ಮೂವರೂ ಕೇಳಿದ್ದೆವು. ಮೂವರಿಗೂ ಒಂದೇ ಮಾತು ಕೇಳಿಸಿತ್ತು.

ವಾಂಜಿರು ಹೇಳಿದ್ದನ್ನೂ ಅಜ್ಜಿಯ ಮಗ ಹೇಳಿದ್ದನ್ನೂ ಪಕ್ಕಪಕ್ಕದಲ್ಲಿ ಇಟ್ಟು ಎಷ್ಟೋ ಸಲ ನೋಡಿದ್ದೇನೆ. ಅದರಿಂದಾಚೆಗೆ ನನ್ನ ಓದು ಹೋಗುವುದಿಲ್ಲ.

ಆಮೇಲೆ ನನಗೆ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಆ ಕೆಂಪು ಒಲೆ. ಎದ್ದು ಇಳಾಳ ಮೂಗಿನ ಬಳಿ ಬೆರಳಿಡಲು ಹೋದರೆ ಅಲ್ಲಿ ಎಷ್ಟೋ ಸಲ ವಾಂಜಿರು ಮೊದಲೇ ನಿಂತಿರುತ್ತಿದ್ದಳು. ಉಸಿರು ಸಣ್ಣಗೆ ಕೇಳಿಸಿದರೆ ಭಯವಾಗಿ ಮಗುವನ್ನು ಅಲುಗಾಡಿಸಿಬಿಡುತ್ತಿದ್ದೆವು. "ಅಮ್ಮಾ, ಪ್ಲೀಸ್! ಲೆಟ್ ಮಿ ಸ್ಲೀಪ್!" ಎಂದು ಇಳಾ ಸಿಟ್ಟಿನಿಂದ ಅಳುತ್ತಿದ್ದಳು.

ಸೆಪ್ಟೆಂಬರಿನ ಒಂದು ಭಾನುವಾರ ಕಣ್ಣು ಬಿಟ್ಟಾಗ ಹಾಸಿಗೆಯ ಮೇಲೆ ಬಿಸಿಲು ಬಿದ್ದಿತ್ತು. ರಾತ್ರಿ ಒಮ್ಮೆಯೂ ಎದ್ದಿರಲಿಲ್ಲ. ಗಾಬರಿಯಿಂದ ಓಡಿದೆ. ವಾಂಜಿರು ತನ್ನ ಕೋಣೆಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಳು. ಇಳಾ ಹೊದಿಕೆ ಒದ್ದು ಅಡ್ಡಡ್ಡ ಬಿದ್ದುಕೊಂಡಿದ್ದಳು, ಗೊರಕೆ ಬೇರೆ. ನಾನು ಅಲ್ಲೇ ನೆಲದ ಮೇಲೆ ಕೂತೆ. ಯಾರನ್ನೂ ಎಬ್ಬಿಸಲಿಲ್ಲ.