ಎಲುಬಿನೊಳಗಿನ ನೀರು

ನನ್ನ ಬಾಯಿ ಮೊದಲಿನಿಂದಲೂ ಜೋರು. ಹರಪನಹಳ್ಳಿಯಲ್ಲಿ ನಮ್ಮಪ್ಪ, "ನಿನ್ನ ನಾಲಿಗಿ ಹಿಡಿತದಾಗಿಲ್ಲ, ಕೊಟ್ಟ ಮನಿಯಾಗ ಹೆಂಗ ಬಾಳುವಿ ಮಾಡ್ತೀಯೋ ಏನೋ" ಎಂದು ಆಡಿಕೊಳ್ಳುತ್ತಿದ್ದರು. ತೊಂಬತ್ತರ ದಶಕದ ನಡುವೆ ನಾನು ಎರಡನೆಯ ಹೆಂಡತಿಯಾಗಿ ಕಾನಹೊಸಹಳ್ಳಿಗೆ ಬಂದೆ. ಗಂಡನಿಗೆ ಹೆದ್ದಾರಿಯ ಪಕ್ಕದಲ್ಲಿ ಟೈಲರ್ ಅಂಗಡಿಯಿತ್ತು. ಅವನ ಮೊದಲ ಹೆಂಡತಿ ಜ್ವರ ಬಂದು ತೀರಿಕೊಂಡಿದ್ದಳು. ಅವಳು ಬಿಟ್ಟುಹೋದ ಮಗಳು ಆಗ ಎರಡನೆಯ ತರಗತಿಯಲ್ಲಿದ್ದಳು. ಬಂದ ಮೊದಲ ವಾರ ಬಾಗಿಲ ಸಂದಿಯಿಂದ ನನ್ನನ್ನು ನೋಡಿದಳು, ಎರಡನೆಯ ವಾರ ತಲೆ ಬಾಚಿಸಿಕೊಳ್ಳಲು ಬಂದು ಕೂತಳು. ಚಿಕ್ಕವ್ವ ಎಂದು ಕರೆಯುತ್ತಿದ್ದಳು. ನನಗೂ ಅಷ್ಟೇ ಸಾಕಾಗಿತ್ತು.

ಮೊದಲ ಸಲ ಅವಳ ತೋಳು ಮುರಿದದ್ದು ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ. ಒದ್ದೆ ದುಪ್ಪಟಿಯ ಒಂದು ತುದಿ ನಾನು, ಇನ್ನೊಂದು ತುದಿ ಅವಳು ಹಿಡಿದು ಜಾಡಿಸಿದೆವು. ಟಕ್ ಅಂದಿತು. ಮಗು ಭುಜ ಹಿಡಿದುಕೊಂಡು ಕುಸಿದು ಕೂತಿತು. ದುಪ್ಪಟಿ ಜಾಡಿಸಿದರೆ ಕೈ ಮುರಿಯುತ್ತದೆಯೇ? ನಾನೇ ನಂಬಲಿಲ್ಲ, ಇನ್ನು ಊರು ನಂಬುತ್ತದೆಯೇ! ಗೋಡೆಯ ಮೇಲಿಂದ ಇಣುಕಿದ ಪಕ್ಕದ ಮನೆಯಾಕೆ ಕಂಡದ್ದು ಇಷ್ಟೇ: ಅಳುತ್ತಿರುವ ಹುಡುಗಿ, ಪಕ್ಕದಲ್ಲಿ ಮಲತಾಯಿ. ಸಂಜೆಯೊಳಗೆ ಮಾತು ಬಸ್ ಹತ್ತಿ ಕೂಡ್ಲಿಗಿ ದಾಟಿ ಕೊಟ್ಟೂರಿನಲ್ಲಿದ್ದ ಹುಡುಗಿಯ ಅಜ್ಜಿಯ, ಅಂದರೆ ತೀರಿಕೊಂಡವಳ ತಾಯಿಯ, ಕಿವಿಗೆ ಬಿದ್ದಿತ್ತು.

ನಮ್ಮ ಕಡೆ ಕೈಕಾಲು ಮುರಿದರೆ ಯಾರೂ ಆಸ್ಪತ್ರೆಯ ಹೆಸರೆತ್ತುವುದಿಲ್ಲ. ಹಡಗಲಿ ಕಡೆಯ ಒಂದು ಹಳ್ಳಿಯಲ್ಲಿ ಕಟ್ಟು ಕಟ್ಟುವ ಮುದುಕನಿದ್ದ, ಅವನ ಹತ್ತಿರವೇ ಕರೆದುಕೊಂಡು ಹೋದೆವು. ತತ್ತಿಯ ಬಿಳಿ ಲೋಳೆ ಸವರಿ, ಬಿದಿರಿನ ದಬ್ಬೆ ಇಟ್ಟು, ಬಟ್ಟೆ ಬಿಗಿದು ಕಟ್ಟುತ್ತಿದ್ದ. ಎಕ್ಸ್‌ರೇ ವಿಷಯದಲ್ಲಿ ಅವನದೊಂದು ಹಟವಿತ್ತು: "ಫೋಟೋ ತೆಗಸಿದ ಕೈ ನಾ ಮುಟ್ಟಂಗಿಲ್ಲ. ನನ್ನ ಬೆರಳಿಗೆ ಕಾಣದ್ದು ಅದಕೇನ ಕಾಣ್ತೈತಿ?" ಕಟ್ಟು ಬಿಚ್ಚಿದಾಗ ತೋಳು ನೆಟ್ಟಗೆ ಕೂಡಿಕೊಂಡಿತ್ತು. ಕೂಡಿದ ಎಲುಬಿನ ಒಳಗೇನಿದೆ ಎಂದು ಯಾರಾದರೂ ಯಾಕೆ ಕೇಳುತ್ತಾರೆ? ನಮ್ಮೆಲ್ಲರ ತಪ್ಪು ಅಲ್ಲೇ ಆದದ್ದು. ಕಟ್ಟು ಚೆನ್ನಾಗಿ ಹಿಡಿದದ್ದೇ ಒಳಗಿನ ತೊಂದರೆಯನ್ನು ಮುಚ್ಚಿಟ್ಟಿತು.

ಮುಂದಿನ ವರ್ಷ ಅಜ್ಜಿ ನಮ್ಮಲ್ಲಿಗೆ ಬಂದಿದ್ದರು. ಹೊರಗಿನ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಹುಡುಗಿಗೆ ಉಮೇದು ಬಂದು, "ಚಿಕ್ಕವ್ವ, ಅಜ್ಜಿಗೆ ನಾನs ರೊಟ್ಟಿ ಬಡಿತೀನಿ" ಎಂದಳು. ನಾನು ಒಲೆಯ ಮುಂದೆ, ಅವಳು ಹಿಟ್ಟಿನ ಪರಾತದ ಮುಂದೆ. ಎರಡನೆಯ ರೊಟ್ಟಿ ಅಂಗೈಯಗಲ ಆಗಿತ್ತು. ಮತ್ತೆ ಅದೇ ಟಕ್, ಮತ್ತೆ ಅದೇ ತೋಳು. ನಾನು ಓಡಿ ಅವಳನ್ನು ಅಪ್ಪಿಕೊಂಡಿದ್ದೆ, ಅಷ್ಟರಲ್ಲಿ ಅಜ್ಜಿ ಒಳಗೆ ನುಗ್ಗಿದರು.

"ನನ್ನ ಕೂಸಿನ ಕೈ ಮತ್ತ ಮುರದ್ಯಲ್ಲೇ, ಹಾಟಗಿತ್ತಿ!"

"ನಾ ಯಾಕ ಮುರೀಲ್ರಿ? ರೊಟ್ಟಿ ಬಡೀತಿದ್ಲು, ತಾನs ಮುರೀತು!"

"ರೊಟ್ಟಿ ಬಡದ್ರ ಕೈ ಮುರಿಯಂಗಿದ್ರ ಈ ಸೀಮ್ಯಾಗ ಒಬ್ಬ ಹೆಣ್ಮಗಳಿಗೂ ಕೈ ಇರ್ತಿದ್ದಿಲ್ಲ!"

ಮಾತು ಖರೆಯೇ ಇತ್ತು. ಹುಡುಗಿ ಅಳುತ್ತಲೇ, "ಚಿಕ್ಕವ್ವ ಹೊಡದಿಲ್ಲಬೇ" ಎಂದಳು. "ಅಂಜಿಸಿ ಹೇಳ್ಸ್ಯಾಳ" ಎಂದರು ಅಜ್ಜಿ.

ಅವತ್ತೇ ಎರಡೂ ಕಡೆಯ ಹಿರಿಯರು ಕೂತರು. ಈ ಕೈ ವಾಸಿಯಾದ ಕೂಡಲೇ ಹುಡುಗಿಯನ್ನು ಕೊಟ್ಟೂರಿಗೆ ಕಳಿಸಬೇಕು, ಇನ್ನು ಅಲ್ಲೇ ಬೆಳೆಯಬೇಕು ಎಂದು ತೀರ್ಮಾನವಾಯಿತು. ನನ್ನ ಗಂಡ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡು ನೆಲ ನೋಡುತ್ತ ಕೂತಿದ್ದ. ನಾನು ಕೂಗಾಡಿದೆ. ಕೂಗಾಡಿದಷ್ಟೂ ಅವರಿಗೆ ನಾನೇ ಮುರಿದೆ ಎನ್ನುವುದು ಖಾತ್ರಿಯಾಯಿತು. ಆ ಹುಡುಗಿ ಇಲ್ಲದ ಮನೆಯಲ್ಲಿ ನಾನು ಯಾರ ತಲೆ ಬಾಚಲಿ ಎಂದು ಒಳಗೆ ಹೋಗಿ ಅತ್ತೆ.

ಎಕ್ಸ್‌ರೇ ತೆಗೆಸಬೇಕು ಎಂದು ಹಟ ಹಿಡಿದವರು ಅಜ್ಜಿಯೇ. "ಹೊಡದಿದ್ದು ಫೋಟೋದಾಗ ಬರ್ತೈತಂತ. ಬರ್ಲಿ, ಹತ್ತು ಮಂದಿ ನೋಡ್ಲಿ" ಎಂದರು. ಹಗರಿಬೊಮ್ಮನಹಳ್ಳಿಗೆ ವಾರಕ್ಕೊಮ್ಮೆ ಹೊರಗಿನಿಂದ ಎಲುಬಿನ ಡಾಕ್ಟರು ಬರುತ್ತಿದ್ದರು. ಮಗುವಿನ ತೋಳನ್ನು ನನ್ನ ಸೀರೆಯ ಹರಕಿನಲ್ಲಿ ಕೊರಳಿಗೆ ಕಟ್ಟಿ, ಕೂಡ್ಲಿಗಿಯಲ್ಲಿ ಬಸ್ ಬದಲಿಸಿ ಹೋದೆವು. ಹುಡುಗಿ ನಡುವೆ, ನಾನೊಂದು ಕಡೆ, ಅಜ್ಜಿ ಒಂದು ಕಡೆ.

ಎಕ್ಸ್‌ರೇ ಇನ್ನೂ ಒದ್ದೆಯಾಗಿತ್ತು, ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಬ್ಬಾ! ಅದಕ್ಕೂ ಮುಂಚೆ ನಾನು ಬದುಕಿರುವವರ ಎಲುಬು ನೋಡಿರಲಿಲ್ಲ. ನಾನು ದಿನಾ ಎಣ್ಣೆ ಹಚ್ಚಿ ತಿಕ್ಕಿ ಎರೆಯುತ್ತಿದ್ದ ತೋಳು ಅದು. ಅದರೊಳಗೆ ಭುಜದ ಹತ್ತಿರ ಎಲುಬು ಉಬ್ಬಿತ್ತು, ಉಬ್ಬಿದ ಕಡೆ ಬೆಳ್ಳಗಿರಬೇಕಾದದ್ದು ಕಪ್ಪಾಗಿತ್ತು. ಒಂದು ಪೊಳ್ಳು. ಸುತ್ತ ಉಳಿದ ಎಲುಬು ತತ್ತಿಯ ಸಿಪ್ಪೆಯಷ್ಟು ತೆಳ್ಳಗೆ, ಅದರಲ್ಲೊಂದು ಬಿರುಕು.

"ಕ್ಯಾನ್ಸರ್ರೇನ್ರಿ?" ನನ್ನ ಬಾಯಿಂದ ಬಂದೇಬಿಟ್ಟಿತು. ಅಜ್ಜಿ ಗೋಡೆ ಹಿಡಿದುಕೊಂಡರು.

ಡಾಕ್ಟರು ಪೊಳ್ಳಿನ ತಳದಲ್ಲಿದ್ದ ಅಕ್ಕಿನುಚ್ಚಿನಂಥ ಒಂದು ಬಿಳಿ ಚೂರಿನ ಮೇಲೆ ಪೆನ್ನಿನ ತುದಿ ಇಟ್ಟರು. "ಇದನ್ನ ನೋಡ್ರಿ. ಎಲುಬು ಮುರಿದಾಗ ಈ ಚೂರು ಒಳಗೆ ಉದುರಿದೆ. ಒಳಗೆ ಗಟ್ಟಿ ಗಡ್ಡೆ ಇದ್ದಿದ್ರೆ ಮೇಲೇ ಸಿಕ್ಕಿಹಾಕ್ಕೊಂಡಿರ್ತಿತ್ತು. ಇದು ಸೀದಾ ತಳಕ್ಕೆ ಮುಳುಗಿದೆ. ಅಂದ್ರೆ ಒಳಗಿರೋದು ಬರೀ ನೀರು. ನೀರುಗುಳ್ಳೆ ಅನ್ಕೊಳ್ರಿ. ಬೆಳೆಯೋ ಮಕ್ಕಳಲ್ಲಿ ಆಗ್ತದೆ, ಕ್ಯಾನ್ಸರ್ ಅಲ್ಲ."

ನಾನು ಆ ಚೂರನ್ನೇ ನೋಡಿದೆ. ಕೊಯ್ಯಲಿಲ್ಲ, ಬಗೆಯಲಿಲ್ಲ. ಒಂದು ನುಚ್ಚು ಎಲ್ಲಿ ಬಿದ್ದಿದೆ ಎಂದು ನೋಡಿ, ಕತ್ತಲೊಳಗೆ ನೀರಿದೆ ಎಂದು ಹೇಳುತ್ತಾರಲ್ಲ! ಇದೆಂಥ ಬುದ್ಧಿ, ಎಂಥ ಕಣ್ಣು! ಮೈಮೇಲೆ ಮುಳ್ಳೆದ್ದವು. ಇವತ್ತಿಗೂ ಅದನ್ನು ನೆನೆದರೆ ಏಳುತ್ತವೆ.

ಅಜ್ಜಿ ಬಿಡಲಿಲ್ಲ. "ಯಾರರ ಹೊಡದ್ರ ಹಿಂಗ ಆಗ್ತೈತೇನ್ರಿ ಸಾಹೇಬ್ರ?"

"ಹೊಡೆಯೋದೇ ಬೇಕಿಲ್ಲವ್ವ. ಇಷ್ಟು ತೆಳ್ಳಗಾದ ಎಲುಬು ರೊಟ್ಟಿ ಬಡಿದ್ರೂ ಮುರಿತದೆ, ಬಟ್ಟೆ ಜಾಡಿಸಿದ್ರೂ ಮುರಿತದೆ. ಇದು ಹೊಡೆದು ಆಗಿದ್ದಲ್ಲ."

ನಾನು ಅಜ್ಜಿಯ ಮುಖ ನೋಡಿದೆ. ಅವರು ಎಕ್ಸ್‌ರೇ ನೋಡುತ್ತಿದ್ದರು. ಕ್ಷಮಿಸು ಅನ್ನಲಿಲ್ಲ. ಹೊರಡುವಾಗ ಅದನ್ನು ಕಂದು ಕವರಿನೊಳಗೆ ಇಟ್ಟು ಸೆರಗಿನಲ್ಲಿ ಸುತ್ತಿಕೊಂಡು ಕೊಟ್ಟೂರಿನ ಬಸ್ ಹತ್ತಿಬಿಟ್ಟರು. ಕಿಟಕಿಯಿಂದ ಹೇಳಿದ್ದು ಇಷ್ಟೇ: "ಕೈ ವಾಸಿ ಆಗೋತನ ನಿನ್ನ ಹತ್ರ ಇರ್ಲಿ."

ಆಗೋತನ! ಅಂದರೆ ಆಗುವವರೆಗೆ ಮಾತ್ರ; ಹಿರಿಯರ ಮಾತು ಹಾಗೇ ನಿಂತಿತ್ತು.

ಮುರಿದದ್ದು ಮೊದಲು ಕೂಡಲಿ ಎಂದು ಡಾಕ್ಟರು ತೋಳನ್ನು ಎದೆಗೆ ಸೇರಿಸಿ ಕಟ್ಟು ಹಾಕಿದ್ದರು. ಅದು ಕೂಡಿದ ಮೇಲೂ ಪೊಳ್ಳು ಹಾಗೇ ಉಳಿಯಿತು. ಹೊಸಪೇಟೆಗೆ ಬರಹೇಳಿದರು. ಅಲ್ಲಿ ಮಗುವಿಗೆ ಮಂಪರು ಕೊಟ್ಟು, ಎಲುಬಿನೊಳಕ್ಕೆ ಸೂಜಿ ಇಳಿಸಿ ನೀರು ತೆಗೆದು, ಅದೇ ಸೂಜಿಯಿಂದ ಔಷಧಿ ಬಿಟ್ಟರು. ಆಮೇಲೆ ಹೊರಗೆ ಬಂದು ಸಿರಿಂಜು ತೋರಿಸಿದರು. ತಿಳಿ ಹಳದಿ ನೀರು, ಆರತಿ ತಟ್ಟೆಯಲ್ಲಿ ತೀರಾ ಕಡಿಮೆ ಅರಿಶಿನ ಕದಡಿದ ಹಾಗೆ. ಇಷ್ಟು ನೀರಿಗಾಗಿ ನಾನು ಎರಡು ವರ್ಷ ಊರ ಬಾಯಿಗೆ ಬಿದ್ದಿದ್ದೆ.

"ಇನ್ನ ಆ ತೂತು ಯಾರು ತುಂಬ್ತಾರ್ರಿ?" ಎಂದು ಕೇಳಿದೆ.

"ಯಾರೂ ತುಂಬೋದಿಲ್ಲ. ನೀರು ಊರೋದು ನಿಂತ್ರೆ ಎಲುಬು ತಾನೇ ತುಂಬ್ಕೊಳ್ತದೆ. ಒಂದೇ ಸಲಕ್ಕೆ ಆಗದಿದ್ರೆ ಮತ್ತೆ ಸೂಜಿ ಹಾಕ್ತೀವಿ. ತಡ ಆಗ್ತದೆ, ತಾಳ್ಮೆ ಇರಲಿ."

ತಾಳ್ಮೆಯಂತೆ, ನನಗೆ! ಆದರೂ ಕಲಿತೆ. ಹುಡುಗಿ ನಿದ್ದೆ ಮಾಡುವಾಗ ಆ ತೋಳಿನ ಮೇಲೆ ಕೈಯಿಟ್ಟು ಕೂತಿರುತ್ತಿದ್ದೆ. ಅವಳು ಶಾಲೆಯಲ್ಲಿ ಮಗ್ಗಿ ಹೇಳುವಾಗ, ಜಗಳವಾಡುವಾಗ, ನಾನು ಬೈಯುವಾಗಲೂ ಒಳಗೆ ಯಾರೂ ಹೇಳದೆ ಎಲುಬು ಎಲುಬನ್ನು ಕಟ್ಟುತ್ತಿತ್ತು. ಬೇಗ ತುಂಬಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿದೆ. ತುಂಬಿದ ದಿನ ಇವಳು ಹೊರಡುತ್ತಾಳೆ ಎಂದು ನೆನಪಾದರೆ ಮುಗಿದ ಕೈ ಕೆಳಗಿಳಿಸುತ್ತಿದ್ದೆ. ಏನನ್ನು ಬೇಡಿಕೊಳ್ಳುತ್ತಿದ್ದೇನೆ ಎಂದು ನನಗೇ ತಿಳಿಯುತ್ತಿರಲಿಲ್ಲ.

ಹೊಸ ಎಕ್ಸ್‌ರೇ ಜೊತೆ ಹೋಲಿಸಲು ಹಳೆಯದು ಬೇಕು ಎಂದರು ಡಾಕ್ಟರು. ಅದಿದ್ದದ್ದು ಅಜ್ಜಿಯ ಹತ್ತಿರ. ತರಲು ಸಿಟ್ಟಿನಲ್ಲೇ ಕೊಟ್ಟೂರಿಗೆ ಹೋದೆ. ಇಷ್ಟು ದಿನ ಅದನ್ನು ಇಟ್ಟುಕೊಂಡು ಏನು ಮಾಡುತ್ತಿದ್ದಾರೆ, ಮತ್ತೆ ಹಿರಿಯರನ್ನು ಕೂಡಿಸುತ್ತಾರೋ ಏನೋ ಎಂದುಕೊಂಡು ಓಣಿ ಹೊಕ್ಕೆ. ಯಾರದೋ ಮನೆಯ ಅಂಗಳದಲ್ಲಿ ನಾಲ್ಕಾರು ಹೆಂಗಸರು ಮುಗಿಲು ನೋಡುತ್ತ ನಿಂತಿದ್ದರು. ನಡುವೆ ಅಜ್ಜಿ. ಎಕ್ಸ್‌ರೇಯನ್ನು ಎರಡೂ ಕೈಯಲ್ಲಿ ಬಿಸಿಲಿಗೆ ಎತ್ತಿ ಹಿಡಿದಿದ್ದರು.

"ಇಲ್ಲಿ ನೋಡ್ರೆವ್ವ, ನುಚ್ಚು ಕಾಣ್ತೈತಿಲ್ಲೋ? ಅದು ತಳಕ್ಕ ಯಾಕ ಬಿತ್ತು? ಒಳಗ ನೀರೈತಿ, ಅದಕ್ಕ ಬಿತ್ತು. ಯಾರೂ ಹೊಡದಿಲ್ಲ. ನಾನs ಮನಿಮನಿಗೆ ಹೋಗಿ ಹೊಡದಾಳ ಹೊಡದಾಳ ಅಂತ ಅಂದು ಬಂದೆ. ನನ್ನ ಬಾಯಾಗ ಮಣ್ಣು ಬೀಳ್ಲಿ."

ಆಡಿದ ಮನೆಗೆಲ್ಲ ಮತ್ತೆ ಹೋಗಿ, ಆ ಮುದುಕಿ ಹಾಳೆ ಹಿಡಿದು ತೋರಿಸುತ್ತಿದ್ದರು. ಎಷ್ಟು ಮನೆಯಾಗಿತ್ತೋ, ಎಷ್ಟು ಉಳಿದಿತ್ತೋ.

ನನ್ನನ್ನು ಕಂಡವರೇ, "ಬಾ, ನೀನs ಚಲೋತ್ನಾಗಿ ಹೇಳು ಇವ್ರಿಗೆ. ಮುರಿದಿದ್ದು ಯಾವ ಕಡಿ ಅಂಬೋದು ನನಗ ಒಮ್ಮೊಮ್ಮೆ ಉಲ್ಟಾ ಆಗ್ತೈತಿ" ಎಂದರು. ಹೇಳಿದೆ. ಆಮೇಲೆ ಊಟಕ್ಕೆ ಕೂಡಿಸಿ ಬಡಿಸಿ, ಎಕ್ಸ್‌ರೇ ನನ್ನ ಕೈಗಿಟ್ಟರು. ಹುಡುಗಿಯನ್ನು ಕಳಿಸುವ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಲು ನನಗೆ ಧೈರ್ಯವಿರಲಿಲ್ಲ.

ಸೂಜಿ ಮತ್ತೆ ಹಾಕಬೇಕಾಯಿತು. ವರ್ಷ ಕಳೆಯಿತು, ಹುಡುಗಿ ನನ್ನ ಭುಜಕ್ಕೆ ಬಂದಳು. ಕೊನೆಗೊಂದು ದಿನ ಹಗರಿಬೊಮ್ಮನಹಳ್ಳಿಯ ಅದೇ ಕೋಣೆಯಲ್ಲಿ ಡಾಕ್ಟರು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದರು. ಅಜ್ಜಿಯೂ ಬಂದಿದ್ದರು. ಒಂದರಲ್ಲಿ ಕಪ್ಪು ಪೊಳ್ಳು. ಇನ್ನೊಂದರಲ್ಲಿ ಅದೇ ಜಾಗ ಬೆಳ್ಳಗೆ, ದಪ್ಪಗೆ, ಅಲ್ಲಲ್ಲಿ ಮಾತ್ರ ಒಂಚೂರು ಮಬ್ಬು. ಉದುರಿದ ಚೂರು ಎಲ್ಲಿ ಹೋಯಿತೋ, ಹುಡುಕಿದರೂ ಕಾಣಲಿಲ್ಲ. ಯಾವ ಗೌಂಡಿ ಬಂದು ಕಟ್ಟಿದ ಇದನ್ನು? ಯಾರಿಗೆ ಕೈ ಮುಗಿಯಬೇಕೋ ಗೊತ್ತಾಗದೆ ನಾನು ಎಕ್ಸ್‌ರೇಗೇ ಮುಗಿದೆ. ಡಾಕ್ಟರು ನಕ್ಕು, "ವಾಸಿ ಆಯ್ತವ್ವ, ಇನ್ನು ಕರ್ಕೊಂಡು ಹೋಗ್ರಿ" ಎಂದರು.

ಯಾರು ಕರೆದುಕೊಂಡು ಹೋಗಬೇಕು? ಬಸ್ ಸ್ಟ್ಯಾಂಡಿನವರೆಗೆ ಮೂವರೂ ನಡೆದೆವು. ಕೂಡ್ಲಿಗಿ ಬಸ್ಸು ಒಂದು ಕಡೆ, ಕೊಟ್ಟೂರು ಬಸ್ಸು ಇನ್ನೊಂದು ಕಡೆ ನಿಂತಿದ್ದವು. ಹುಡುಗಿ ನನ್ನ ಬೆರಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಜ್ಜಿ ಅವಳ ತೋಳನ್ನು ಒಮ್ಮೆ ಮೇಲಿಂದ ಕೆಳಗೆ ಸವರಿದರು. ಆಮೇಲೆ ನನ್ನ ಕಂಕುಳಲ್ಲಿದ್ದ ಕವರಿಗೆ ಕೈ ಚಾಚಿದರು.

"ನಿನ್ನ ಮಗಳನ್ನ ನೀ ಕರ್ಕೊಂಡು ಹೋಗು. ಹೊಸಾ ಫೋಟೋ ನನಗ ಕೊಡು, ಇನ್ನೊಮ್ಮೆ ಎಲ್ಲಾ ಮನಿಗೂ ಹೋಗ್ಬೇಕು."