ನಲವತ್ತು ಕ್ರೆಡಿಟ್ ಹುಡುಕಿದ ನಿಯಮದಕ್ಕ

ಎಂಜಿನಿಯರಿಂಗ್ ಕಾಲೇಜಿನ ಪ್ರವೇಶ ವಿಭಾಗದ ಮೂರನೇ ಕಿಟಕಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತವಳನ್ನು ಎಲ್ಲರೂ ನಿಯಮದಕ್ಕ ಎಂದೇ ಕರೆಯುತ್ತಿದ್ದರು. ನಿಯಮ ಪುಸ್ತಕ ಅವಳಿಗೆ ನಾಲಿಗೆಯ ತುದಿಯಲ್ಲಿತ್ತು. "ಮದುವೆಗೆ ಒಪ್ಪೋ ಮುಂಚೆ ನನ್ನ ಅಂಕಪಟ್ಟಿ ಕೇಳಿದ್ಲು" ಎಂದು ಗಂಡ ಬಂದವರ ಮುಂದೆಲ್ಲ ನಗುತ್ತಿದ್ದ. ಅವಳು ಇಲ್ಲವೆನ್ನುತ್ತಿರಲಿಲ್ಲ.

ಆ ವರ್ಷ ಕಾಲೇಜು ಬಿ.ಇ., ಎಂ.ಇ. ಎರಡನ್ನೂ ಒಟ್ಟಿಗೆ ಐದೇ ವರ್ಷದಲ್ಲಿ ಮುಗಿಸುವ ಕೋರ್ಸಿಗೆ ಮೂರನೇ ವರ್ಷದವರಿಂದ ಅರ್ಜಿ ಕರೆದಿತ್ತು. ನೂರು ಕ್ರೆಡಿಟ್ ಮುಗಿದಿರಬೇಕು, ಸರಾಸರಿ ಎಂಟಕ್ಕೆ ಕಡಿಮೆಯಿರಬಾರದು, ಇಬ್ಬರು ಪ್ರಾಧ್ಯಾಪಕರ ಶಿಫಾರಸು ಬೇಕು. ಕೊನೆಯ ದಿನಕ್ಕೆ ಇನ್ನೆರಡೇ ದಿನವಿದ್ದಾಗ ಮೂವತ್ತಾರರ ಹೆಂಗಸೊಬ್ಬಳು ಕಿಟಕಿಗೆ ಬಂದಳು. ಪಂಪ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಲೇತ್ ನಡೆಸಿ, ಡಿಪ್ಲೊಮಾದ ಬಲದಿಂದ ನೇರ ಎರಡನೇ ವರ್ಷಕ್ಕೆ ಸೇರಿದ್ದವಳು.

"ಅರ್ಜಿ ಹೋಗ್ತಾನೇ ಇಲ್ಲ ಅಕ್ಕಾ. ಕ್ರೆಡಿಟ್ ಸಾಲದಂತೆ. ಮುಂದಿನ ವರ್ಷ ನೋಡೋಣ ಅಂದ್ರು ನಮ್ಮ ವಿಭಾಗದ ಹೆಡ್ಡು."

"ಮುಂದಿನ ವರ್ಷ ನೀನು ಕೊನೇ ವರ್ಷದವಳು. ಅರ್ಜಿ ಹಾಕೋಕೇ ಬರಲ್ಲ. ಎಲ್ಲಿ, ಅಂಕಪಟ್ಟಿ ಕೊಡು."

ಪರದೆಯ ಮೇಲೆ ಅರವತ್ತೆರಡಿತ್ತು. ಅವಳು ಓದದ ಮೊದಲ ವರ್ಷದ ನಲವತ್ತು ಅದರಲ್ಲಿ ಸೇರಿರಲಿಲ್ಲ. ಡಿಪ್ಲೊಮಾದವರಿಗೆ ಮೊದಲ ವರ್ಷ ಪೂರೈಸಿದಂತೆಯೇ ಲೆಕ್ಕ ಎಂದು ನಿಯಮದಲ್ಲಿ ಇದ್ದದ್ದು ನಿಯಮದಕ್ಕನಿಗೆ ತಟ್ಟನೆ ನೆನಪಾಯಿತು. ಪುಸ್ತಕ ಕಂಕುಳಲ್ಲಿಟ್ಟು ಸೀದಾ ಆ ವಿಭಾಗದ ಮುಖ್ಯಸ್ಥರ ಕೋಣೆಗೆ ನಡೆದಳು.

"ಕಂಪ್ಯೂಟರೇ ಬೇಡ ಅಂತಿದೆಯಲ್ಲಮ್ಮ" ಎಂದರು ಅವರು.

"ಅದಕ್ಕೆ ಹೇಳಿಕೊಟ್ಟವರು ನಾವೇ ಸರ್. ಹೇಳಿಕೊಡೋದ್ರಲ್ಲಿ ತಪ್ಪಿದೀವಿ. ಓದಿ ನೋಡಿ."

ಮುಖ್ಯಸ್ಥರು ಎರಡು ಸಲ ಓದಿದರು, ಕನ್ನಡಕ ಒರೆಸಿ ಮೂರನೇ ಸಲ ಓದಿದರು, ಆ ನಲವತ್ತನ್ನೂ ಸೇರಿಸಿ ನೂರಾ ಎರಡು ಎಂದು ಸಹಿ ಹಾಕಿದರು. ನಿಯಮದಕ್ಕ ಅಲ್ಲಿಗೇ ಬಿಡಲಿಲ್ಲ. ಇದೇ ಕಾರಣಕ್ಕೆ ಹಿಂದಿರುಗಿದ್ದ ಇನ್ನೂ ನಾಲ್ವರನ್ನು ಹುಡುಕಿ, ತಾನೇ ಫೋನ್ ಮಾಡಿ ಕರೆಸಿದಳು.

ಸಂದರ್ಶನದ ದಿನ ಕಡತ ಹಿಡಿದು ಅವಳೂ ಮೂಲೆಯಲ್ಲಿ ಕೂತಿದ್ದಳು. ಈ ವಯಸ್ಸಿನಲ್ಲಿ ಎರಡೆರಡು ಪದವಿ ಯಾಕೆ ಎಂದು ಸಂದರ್ಶಕರೊಬ್ಬರು ಕೇಳಿಯೇಬಿಟ್ಟರು.

"ಪಂಪಿನ ಶಾಫ್ಟು ಯಾವಾಗ್ಲೂ ಒಂದೇ ಜಾಗದಲ್ಲಿ ಮುರಿಯೋದನ್ನ ಹನ್ನೊಂದು ವರ್ಷ ನೋಡಿದೀನಿ ಸರ್" ಎಂದಳು ಲೇತಿನವಳು. "ಬಿ.ಇ.ಲಿ ಅರ್ಧ ಕಾರಣ ಸಿಕ್ತು. ಉಳಿದರ್ಧ ಎಂ.ಇ.ಲಿದೆ."

ಕೇಳಿದವರು ಅಂಕದ ಹಾಳೆ ಎಳೆದುಕೊಂಡು ಬರೆಯತೊಡಗಿದರು. ನಿಯಮದಕ್ಕನಿಗೆ ಚಪ್ಪಾಳೆ ತಟ್ಟಬೇಕೆನಿಸಿತು, ಕಡತ ಬಿಗಿಯಾಗಿ ಹಿಡಿದುಕೊಂಡಳು. ಪಟ್ಟಿ ಬಂದಾಗ ಲೇತಿನವಳ ಹೆಸರು ಎರಡನೆಯದು. ಆ ನಾಲ್ವರಲ್ಲೂ ಇಬ್ಬರಿಗೆ ಸೀಟು ಸಿಕ್ಕಿತ್ತು.